ಲ್ಯಾಟಿನ್ ಪಾಠದಲ್ಲಿ ರೋಮನ್ ಸಮಾಜವನ್ನು ಕಲಿಸುವುದು ಹೇಗೆ?

ಇಂಗ್ಲೆಂಡಿನ ಪ್ರೌಢಶಾಲೆಯಲ್ಲಿ ಲ್ಯಾಟಿನ್ ಕಲಿಸಲು ಸೇರಿಕೊಂಡಿದ್ದೀರಿ. ತರಗತಿಗಳೆಲ್ಲ ವ್ಯಾಕರಣಕ್ಕೇ ಸರಿಹೋಗುತ್ತವೆ, ರೋಮನ್ನರ ಸಮಾಜದ ಪಾಠಕ್ಕೆ ಸಮಯ ಎಲ್ಲಿಂದ ತರಲಿ ಎಂದು ಕೇಳಿದ್ದೀರಿ. ಇಲ್ಲಿನ ಈಶಾನ್ಯ ಭಾಗದ ಶಾಲೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ನನ್ನದೂ ಇದೇ ಕೆಲಸ. ಸಮಾಜಕ್ಕೆಂದು ಬೇರೆ ಪಾಠ ಮಾಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ವಿಭಕ್ತಿ ಪ್ರತ್ಯಯದೊಳಗೇ ಆ ಸಮಾಜ ಕುಳಿತಿರುತ್ತದೆ. ಅದು ಕಣ್ಣಿಗೆ ಬೀಳುವಂಥ ಚಿಕ್ಕ ಪಠ್ಯಗಳನ್ನು ಆರಿಸಿಕೊಳ್ಳಬೇಕು, ಅಷ್ಟೇ.

ನಾನು ಮೊದಲು ಕೊಡುವುದು ರೋಮಿನ ರಾಜಕಾರಣಿ ಕೇಟೋ ಕ್ರಿ.ಪೂ. 160ರ ಸುಮಾರಿಗೆ ಬೇಸಾಯದ ಬಗ್ಗೆ ಬರೆದ ಪುಸ್ತಕದ ಒಂದು ವಾಕ್ಯ. ಜಮೀನು ನೋಡಲು ಬಂದ ಯಜಮಾನ ಏನೇನನ್ನು ಮಾರಬೇಕು ಎಂಬ ಪಟ್ಟಿ ಅದು: ಮುದಿ ಎತ್ತುಗಳನ್ನು, ಊನವಾದ ದನಗಳನ್ನು, ಊನವಾದ ಕುರಿಗಳನ್ನು, ಉಣ್ಣೆಯನ್ನು, ತೊಗಲನ್ನು, ಹಳೆಯ ಗಾಡಿಯನ್ನು, ಹಳೆಯ ಕಬ್ಬಿಣದ ಸಾಮಾನನ್ನು, ಮುದುಕನಾದ ಗುಲಾಮನನ್ನು, ಕಾಯಿಲೆಯ ಗುಲಾಮನನ್ನು, ಇನ್ನೇನಾದರೂ ಮಿಕ್ಕಿದ್ದರೆ ಅದನ್ನು ಮಾರಲಿ. ಲ್ಯಾಟಿನ್‌ನಲ್ಲೂ ‘ಮಾರಲಿ’ ಎಂಬ ಕ್ರಿಯಾಪದ ಕೊನೆಗೇ ಬರುತ್ತದೆ. ಕನ್ನಡದವರಾದ ನಮಗೆ ಅದು ಸಹಜ. ಇಂಗ್ಲಿಷ್ ಮಾತಾಡುವ ಮಕ್ಕಳು ಮಾತ್ರ ಇವರನ್ನೆಲ್ಲ ಏನು ಮಾಡಬೇಕೆಂದು ಕೊನೆಯವರೆಗೂ ಕಾಯಬೇಕಾಗುತ್ತದೆ.

ದ್ವಿತೀಯಾ ವಿಭಕ್ತಿಯ ಪದಗಳಿಗೆಲ್ಲ ಅಡಿಗೆರೆ ಎಳೆಯಲು ಹೇಳುತ್ತೇನೆ. ಪೆನ್ಸಿಲು ಎತ್ತಿನಿಂದ ಉಣ್ಣೆಗೆ, ಉಣ್ಣೆಯಿಂದ ಗಾಡಿಗೆ ಸರಾಗವಾಗಿ ಹೋಗಿ ‘ಸೆರ್ವುಮ್’ (ಗುಲಾಮನನ್ನು) ಬಳಿ ನಿಲ್ಲುತ್ತದೆ. ಕಳೆದ ವರ್ಷ ಹುಡುಗನೊಬ್ಬ, “ಇದಕ್ಕೂ ಎಳೆಯಬೇಕೇ?” ಎಂದು ಕೇಳಿದ. ಎಳೆಯಬೇಕು, ಗಾಡಿಗಿರುವ ವಿಭಕ್ತಿಯೇ ಅವನಿಗೂ ಎಂದೆ. ಆಮೇಲೆ ವಿಶೇಷಣಗಳನ್ನು ನೋಡಿಸಿದೆ. ಗಾಡಿಗೂ ಕಬ್ಬಿಣಕ್ಕೂ ಕೇಟೋ ಬಳಸಿರುವುದು ‘ವೆತುಸ್’, ಗುಲಾಮನಿಗೆ ಮಾತ್ರ ‘ಸೆನೆಕ್ಸ್’. ನಾವೂ ಗಾಡಿಯನ್ನು ಹಳೆಯದು ಎನ್ನುತ್ತೇವೆ, ಮನುಷ್ಯನನ್ನು ಮುದುಕ ಎನ್ನುತ್ತೇವೆ. ರೋಮಿನ ಹಿರಿಯರ ಸಭೆಗೆ ಸೆನೇಟ್ ಎಂಬ ಹೆಸರು ಬಂದದ್ದೂ ಈ ಸೆನೆಕ್ಸ್‌ನಿಂದಲೇ. ಮಾರುತ್ತಿರುವುದು ಮನುಷ್ಯನನ್ನು ಎಂಬುದು ಕೇಟೋನ ಮಾತಿಗೇ ಗೊತ್ತಿತ್ತು. ಎರಡು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಗ್ರೀಕ್ ಲೇಖಕ ಪ್ಲೂಟಾರ್ಕ್, ನನಗಾಗಿ ದುಡಿದ ಎತ್ತನ್ನು ಕೂಡ ಮುದಿಯಾಯಿತೆಂದು ಮಾರಲಾರೆ ಎಂದು ಬರೆದು ಕೇಟೋನನ್ನು ಆಕ್ಷೇಪಿಸಿದ. ಇದನ್ನೂ ಮಕ್ಕಳಿಗೆ ತಪ್ಪದೆ ಹೇಳಿ. ‘ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಯೋಚಿಸುತ್ತಿದ್ದರು’ ಎಂದು ಕೈತೊಳೆದುಕೊಳ್ಳಲು ಆಮೇಲೆ ಆಗುವುದಿಲ್ಲ.

ಎರಡನೆಯದು ಒಂದು ಸಮಾಧಿಶಿಲೆ. 1878ರಲ್ಲಿ ಸಿಕ್ಕಿದ್ದು, ಈಗ ಇದೇ ಈಶಾನ್ಯ ಭಾಗದ ಸೌತ್ ಶೀಲ್ಡ್ಸ್ ಊರಿನ ಅರ್ಬೇಯಾ ಎಂಬ ರೋಮನ್ ಕೋಟೆಯ ವಸ್ತುಸಂಗ್ರಹಾಲಯದಲ್ಲಿದೆ. ಬೆತ್ತದ ಕುರ್ಚಿಯಲ್ಲಿ ಕುಳಿತ ಹೆಣ್ಣು, ಮಡಿಲಲ್ಲಿ ಕದಿರು, ಪಕ್ಕದಲ್ಲಿ ಉಣ್ಣೆಯುಂಡೆಗಳ ಬುಟ್ಟಿ, ಇನ್ನೊಂದು ಪಕ್ಕ ಒಡವೆ ಪೆಟ್ಟಿಗೆ. ಮುಖ ಒಡೆದುಹೋಗಿದೆ. ಹೆಸರು ರೆಗೀನಾ, ಅಂದರೆ ರಾಣಿ. ದಕ್ಷಿಣ ಬ್ರಿಟನ್ನಿನ ಕತುವೆಲ್ಲೌನಿ ಬುಡಕಟ್ಟಿನವಳು, ಮೂವತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಕಲ್ಲು ನೆಡಿಸಿದವನು ಸಿರಿಯಾದ ಪಾಲ್ಮೈರಾದ ಬರಾಟೆಸ್. ‘ಲಿಬೆರ್ತಾ ಎತ್ ಕೊನ್ಯುಗೆ’ ಎಂದು ಬರೆಸಿದ್ದಾನೆ: ದಾಸ್ಯದಿಂದ ಬಿಡುಗಡೆಯಾದವಳು ಮತ್ತು ಹೆಂಡತಿ. ಚತುರ್ಥೀ ವಿಭಕ್ತಿ ಇರಬೇಕಾದ ಕಡೆ ಪಂಚಮಿ ಇದೆ. ಈ ತಪ್ಪು ಕಂಡುಹಿಡಿದಾಗ ಮಕ್ಕಳಿಗಾಗುವ ಹಿಗ್ಗನ್ನು ನೀವು ನೋಡಬೇಕು! ಅದರ ಕೆಳಗೆ ಅವನ ಊರಿನ ಅರಾಮಿಕ್ ಲಿಪಿಯಲ್ಲಿ ಒಂದು ಸಾಲು. ಅಲ್ಲಿ ಅಕ್ಷರ ತಡವರಿಸುವುದಿಲ್ಲ: “ರೆಗೀನಾ, ಬರಾಟೆ ಬಿಡುಗಡೆ ಮಾಡಿದವಳು, ಅಯ್ಯೋ.” ನಮ್ಮ ಶಾಲೆಯಲ್ಲಿ ಮನೆಯಲ್ಲೊಂದು ಭಾಷೆ, ಹೊರಗೊಂದು ಭಾಷೆ ಮಾತಾಡುವ ಮಕ್ಕಳು ಅನೇಕರಿದ್ದಾರೆ. ಆ ‘ಅಯ್ಯೋ’ ಯಾಕೆ ಲ್ಯಾಟಿನ್‌ನಲ್ಲಿಲ್ಲ ಎಂದು ಅವರಿಗೆ ನಾನು ವಿವರಿಸಬೇಕಾಗಿಲ್ಲ. ಆದರೆ ಹುಡುಗಿಯೊಬ್ಬಳು, “ಮದುವೆಗೆ ಅವಳು ಒಪ್ಪಿದ್ದಳೇ?” ಎಂದು ಕೇಳಿದಳು. ಕಲ್ಲಿನಲ್ಲಿರುವುದು ಅವನ ಮಾತು ಮಾತ್ರ. ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಹಾಗೆಯೇ ಬಿಟ್ಟೆ.

ದೊಡ್ಡ ತರಗತಿಯವರಿಗಾದರೆ ‘ಇಮ್ಮೋ’ ಎಂಬ ಪುಟ್ಟ ಪದವನ್ನು ಹಿಡಿದುಕೊಳ್ಳಿ. ‘ಅಲ್ಲ’ ಎನ್ನುತ್ತ, ಆಗಷ್ಟೇ ಹೇಳಿದ್ದನ್ನು ತಿದ್ದಿಕೊಳ್ಳುವ ಪದ. ರೋಮಿನ ತತ್ತ್ವಜ್ಞಾನಿ ಸೆನೆಕಾ ತನ್ನ 47ನೆಯ ಪತ್ರದಲ್ಲಿ, “ಗುಲಾಮರು. ಅಲ್ಲ, ಮನುಷ್ಯರು” ಎನ್ನುತ್ತಾನೆ. ರೋಮಿನ ಲೇಖಕ ಕಿರಿಯ ಪ್ಲಿನಿಯ ಪತ್ರವೊಂದರಲ್ಲಿ ಲಾರ್ಕಿಯುಸ್ ಮಾಕೆದೋ ಎಂಬ ಕ್ರೂರ ಯಜಮಾನನ ಮೇಲೆ ಗುಲಾಮರೇ ಸ್ನಾನದ ಹೊತ್ತಿನಲ್ಲಿ ಎರಗುತ್ತಾರೆ. ತನ್ನ ತಂದೆಯೂ ಗುಲಾಮನಾಗಿದ್ದನೆಂಬುದು ಅವನಿಗೆ ನೆನಪಿದ್ದದ್ದು ಕಡಿಮೆ, ಅಲ್ಲ, ಅತಿಯಾಯಿತು ಎನ್ನುತ್ತಾನೆ ಪ್ಲಿನಿ. ಎರಡನ್ನೂ ಒಂದೇ ಹಾಳೆಯಲ್ಲಿ ಕೊಡಿ. ಸೆನೆಕಾ ಅಷ್ಟು ಬರೆದೂ ಗುಲಾಮಗಿರಿಯನ್ನು ತೆಗೆದುಹಾಕಿ ಎನ್ನಲಿಲ್ಲ, ತಾನೂ ಭಾರಿ ಶ್ರೀಮಂತನಾಗಿದ್ದ ಎಂಬುದನ್ನು ಮುಚ್ಚಿಡಬೇಡಿ.

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ರೋಮನ್ ಊರು ಪಾಂಪೇಯಿಯ ಗೋಡೆಗಳ ಚುನಾವಣಾ ಬರಹಗಳೂ ಚೆನ್ನ. ಮತ ಹಾಕುವ ಹಕ್ಕಿಲ್ಲದ ಹೆಂಗಸರು ಅಭ್ಯರ್ಥಿಗಳ ಪರವಾಗಿ ಮತ ಕೇಳುವುದನ್ನು ಅಲ್ಲಿ ಓದಬಹುದು.

ಒಂದನ್ನು ಮಾತ್ರ ಮಾಡಬೇಡಿ: ಮಕ್ಕಳಿಗೆ ಗುಲಾಮ, ಯಜಮಾನ ಎಂದು ಪಾತ್ರ ಹಂಚಿ ಆಟ ಆಡಿಸಬೇಡಿ. ತರಗತಿ ನಗುತ್ತದೆ, ಯಾರೋ ಒಂದು ಮಗು ನಗುವುದಿಲ್ಲ. ಅನುವಾದವನ್ನೂ ಮೊದಲೇ ಕೈಗಿಡಬೇಡಿ. ಕೇಟೋನ ವಾಕ್ಯದಲ್ಲಿರುವುದು ಇಪ್ಪತ್ತು ಚಿಲ್ಲರೆ ಪದ. ಅರ್ಥಗಳನ್ನು ಹಲಗೆಯ ಮೇಲೆ ಬರೆಯಿರಿ, ಕೊನೆಯ ಕ್ರಿಯಾಪದದ ಅರ್ಥವನ್ನು ಬಿಟ್ಟು. ಅದನ್ನು ಅವರೇ ನಿಘಂಟಿನಲ್ಲಿ ಹುಡುಕಲಿ.