ಹೆರಾಕ್ಲೀಸನ ಕೈಗಂಟಿದ ರಕ್ತ

ಶಿವಮೊಗ್ಗದ ಓದುಗರೊಬ್ಬರ ಪತ್ರ: ‘ಹರ್ಕ್ಯುಲಿಸ್: ದಿ ಲೆಜೆಂಡರಿ ಜರ್ನೀಸ್’ ಧಾರಾವಾಹಿಯನ್ನು ಮಗಳೊಂದಿಗೆ ನೋಡುತ್ತಿದ್ದೇನೆ. ಗ್ರೀಕ್ ಪುರಾಣವನ್ನು ಮನಬಂದಂತೆ ತಿರುಚಿದ್ದಾರೆಂದು ಗೆಳೆಯರು ಹಳಿಯುತ್ತಾರೆ. ಪುರಾಣವನ್ನು ಬದಲಿಸುವುದು ತಪ್ಪೇ?

ಉತ್ತರ: ಬದಲಿಸುವುದು ತಪ್ಪಲ್ಲ. 1995ರಿಂದ 1999ರವರೆಗೆ ಪ್ರಸಾರವಾದ, ನ್ಯೂಜಿಲೆಂಡಿನ ಕಾಡು ಕಡಲತೀರಗಳನ್ನೇ ಗ್ರೀಸ್ ಎಂದು ತೋರಿಸಿದ ಈ ಧಾರಾವಾಹಿ ಮಕ್ಕಳಿಗೆ ಹಿಡಿಸುವಂಥದ್ದೇ. ಕೆವಿನ್ ಸೋರ್ಬೋ ಅಭಿನಯಿಸಿದ ನಾಯಕ ದುರ್ಬಲರ ಪರ ನಿಲ್ಲುತ್ತಾನೆ ಎಂಬುದನ್ನೂ ಒಪ್ಪುತ್ತೇನೆ. ಕಥೆ ಬದಲಿಸುವುದಂತೂ ಗ್ರೀಕರಿಗೇ ರೂಢಿಯಾಗಿತ್ತು. ಅಪೊಲೊಡೋರಸನ ಹೆಸರಿನಲ್ಲಿ ಉಳಿದಿರುವ ಪುರಾಣಸಂಗ್ರಹದಲ್ಲಿ ಹೆರಾಕ್ಲೀಸನು (ಹರ್ಕ್ಯುಲಿಸನ ಗ್ರೀಕ್ ಹೆಸರು) ಹುಚ್ಚಿನಲ್ಲಿ ಮಕ್ಕಳನ್ನು ಕೊಂದ ಮೇಲೆ ಸಾಹಸಗಳಿಗೆ ಹೊರಡುತ್ತಾನೆ. ಗ್ರೀಕ್ ನಾಟಕಕಾರ ಯೂರಿಪಿಡೀಸನ ನಾಟಕದಲ್ಲಾದರೋ ಸಾಹಸಗಳನ್ನು ಮುಗಿಸಿ, ಹೆಂಡತಿ ಮಕ್ಕಳನ್ನು ಶತ್ರುವಿನಿಂದ ಉಳಿಸಿ, ಆಮೇಲೆ ತಾನೇ ಅವರನ್ನು ಕೊಲ್ಲುತ್ತಾನೆ.

ಆದರೆ ಧಾರಾವಾಹಿ ಮಾಡಿದ್ದೇನು? ಹೀರಾ ದೇವಿಯೇ ಬೆಂಕಿಯುಂಡೆ ಎಸೆದು ಅವನ ಹೆಂಡತಿ ಡಿಯಾನೀರಳನ್ನೂ ಮಕ್ಕಳನ್ನೂ ಸುಟ್ಟುಬಿಡುತ್ತಾಳೆ. ನಾಯಕ ನಿರ್ದೋಷಿಯಾಗಿ, ಸೇಡಿಗೆ ಹೊರಡುತ್ತಾನೆ. ಮೂಲದಲ್ಲಿಯೂ ಹುಚ್ಚನ್ನು ಕಳಿಸಿದವಳು ಹೀರಾಳೇ, ಆದರೆ ಬಾಣ ಬಿಟ್ಟ ಕೈ ಅವನದು. ಆ ಕೈಯನ್ನು ತೊಳೆದುಕೊಟ್ಟದ್ದೇ ನನ್ನ ಆಕ್ಷೇಪ. ಈ ವಿಷಯವನ್ನು ನಿಮ್ಮ ಪತ್ರ ಮುಟ್ಟಲೇ ಇಲ್ಲವೆಂಬುದು ನನಗೆ ಬೇಸರ ತಂದಿತು.

ನಮ್ಮ ಬಿ.ಎಂ.ಶ್ರೀ. ಅವರು ಸಾಫೊಕ್ಲೀಸನ ಗ್ರೀಕ್ ನಾಟಕ ‘ಏಜಾಕ್ಸ್’ ಅನ್ನು ‘ಅಶ್ವತ್ಥಾಮನ್’ ಆಗಿಸಿದಾಗ ದೇಶ, ಹೆಸರು, ದೇವರು ಎಲ್ಲವನ್ನೂ ಬದಲಿಸಿದರು. ಚಿರಂಜೀವಿಯೆನಿಸಿದವನಿಗೆ ಸಾವನ್ನೂ ತಂದರು. ಬದಲಾಗದೆ ಉಳಿದದ್ದು, ಹುಚ್ಚು ಇಳಿದು ಮತಿ ಮರಳಿದ ವೀರನು ತಾನು ಮಾಡಿದ್ದನ್ನು ಕಂಡು ಅನುಭವಿಸುವ ನಾಚಿಕೆ. ವಿದ್ಯಾರ್ಥಿಯಾಗಿದ್ದಾಗ ಅದನ್ನೋದಿ ನಾನು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಳೆದೆ. ಇಂದು ಮಕ್ಕಳಿಗಾಗಿ ಬರುವ ಪುರಾಣದ ಪುಸ್ತಕಗಳನ್ನು ತೆರೆದರೆ, ಅಲ್ಲಿನ ವೀರರು ಗೆಲ್ಲುತ್ತಾರೆಯೇ ಹೊರತು ಯಾರೂ ತಲೆ ತಗ್ಗಿಸುವುದಿಲ್ಲ. ಮಕ್ಕಳಿಗೆ ದುಃಖ ತಡೆಯಲಾಗದೆಂದು ಹಿರಿಯರು ತಾವೇ ತೀರ್ಮಾನಿಸಿಬಿಟ್ಟಿದ್ದಾರೆ.

ಮಗಳೊಂದಿಗೆ ಕುಳಿತು ನೋಡುವ ತಾಯ್ತಂದೆಯರು ಅಪರೂಪ. ನೀವು ಅಂಥವರೆಂದೇ ಇಷ್ಟು ಬರೆದೆ. ಮುಂದಿನ ಕಂತು ಮುಗಿದ ಮೇಲೆ ಯೂರಿಪಿಡೀಸನ ಕೊನೆಯ ದೃಶ್ಯವನ್ನು ಅವಳಿಗೆ ಹೇಳಿ. ಸಾಯಲು ಹೊರಟವನನ್ನು ಗೆಳೆಯ ಥೀಸಿಯಸ್ ಅಥೆನ್ಸಿಗೆ ಕರೆಯುತ್ತಾನೆ. ಮಕ್ಕಳನ್ನು ಕೊಂದ ಬಿಲ್ಲನ್ನು ಬಿಡಲೇ, ಒಯ್ಯಲೇ ಎಂದು ಹೆರಾಕ್ಲೀಸ್ ತಡವರಿಸಿ, ಅಳುತ್ತಲೇ ಅದನ್ನು ಹೊತ್ತು, ಗೆಳೆಯನಿಗೆ ಒರಗಿಕೊಂಡು ನಡೆಯುತ್ತಾನೆ.