ತೋಮನ ಆ ಎಂಟು ದಿನ

ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿ ಓದಿದೆ, ಬೆಳಿಗ್ಗೆ ಎದ್ದು ಮತ್ತೆ ಓದಿದೆ. ಹುಟ್ಟಿದಾಗಿನಿಂದ ಕ್ರೈಸ್ತ ಸಭೆಯಲ್ಲೇ ಬೆಳೆದ ನಿಮಗೆ ಹತ್ತು ತಿಂಗಳಿಂದ ಪ್ರಾರ್ಥನೆ ಅಂದರೆ ಗೋಡೆಯ ಜೊತೆ ಮಾತಾಡಿದಂತಾಗಿದೆ. ಹಾಡುವಾಗ ಬಾಯಿ ಅಲ್ಲಾಡುತ್ತದೆ, ಒಳಗೆ ಏನೂ ಇಲ್ಲ. ಯಾರೋ "ಗುಪ್ತಪಾಪ ಇರಬೇಕು, ಅರಿಕೆ ಮಾಡು" ಅಂದಿದ್ದಾರೆ. ಮುಂದಿನ ಭಾನುವಾರ ಕರ್ತನ ಭೋಜನವಿದೆ, ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ, ಈ ಸ್ಥಿತಿಯಲ್ಲಿ ಹೋಗಲೇ ಬೇಡವೇ ಎಂದು ಕೇಳಿದ್ದೀರಿ. ನಾನು ದೇವಶಾಸ್ತ್ರ ಓದಿದವಳಲ್ಲ, ಹುಬ್ಬಳ್ಳಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಆದರೆ ಆ ಗೋಡೆಯ ಎದುರು ಎರಡೂವರೆ ವರ್ಷ ಕೂತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

2011ರಲ್ಲಿ ನನ್ನ ತಮ್ಮ ತೀರಿಕೊಂಡ. ಅವನಿಗೆ 31 ವರ್ಷ. ಎರಡೂ ಕಿಡ್ನಿ ಹೋಗಿದ್ದವು, 14 ತಿಂಗಳು ಡಯಾಲಿಸಿಸ್. ಪ್ರತಿ ಶುಕ್ರವಾರ ಉಪವಾಸ ಮಾಡಿ ಪ್ರಾರ್ಥಿಸಿದೆ. ನಮ್ಮ ಮನೆತನ ಬೆಟಗೇರಿಯ ಕಡೆಯದು, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ಬಂದ ವಿಶ್ವಾಸ. ಅಜ್ಜಿಯ ಮಡಿಲಲ್ಲಿ ಕೂತು ಬೈಬಲಿನ ಕೀರ್ತನೆಗಳನ್ನು ಬಾಯಿಪಾಠ ಮಾಡಿದವಳು ನಾನು. ದೇವರು ಕೇಳುತ್ತಾನೆ ಅನ್ನುವುದು ನನಗೆ ನೀರು ಕೆಳಗೆ ಹರಿಯುತ್ತದೆ ಅನ್ನುವಷ್ಟೇ ಸಹಜವಾಗಿತ್ತು. ತಮ್ಮನನ್ನು ಮಣ್ಣು ಮಾಡಿ ಬಂದ ಮೂರನೇ ದಿನ ಹಿರಿಯರೊಬ್ಬರು ಮನೆಗೆ ಬಂದು, ಚಹಾ ಕುಡಿದು, "ನಿಮ್ಮ ವಿಶ್ವಾಸದಾಗ ಎಲ್ಲೋ ಕೊರತೆ ಇತ್ತು ಅನಸ್ತದ" ಅಂದು ಹೋದರು. ಅವರು ಕೆಟ್ಟವರಲ್ಲ. ಆದರೆ ಆ ಮಾತು ಒಳಗೆ ಇಳಿದು ಅಲ್ಲೇ ಕೂತಿತು.

ಆದ್ದರಿಂದ ಗುಪ್ತಪಾಪದ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಎಲ್ಲರಲ್ಲೂ ಪಾಪವಿದೆ, ಅರಿಕೆ ಮಾಡಬೇಕಾದದ್ದು ಇದ್ದರೆ ಮಾಡಿ. ಆದರೆ ನಿಮ್ಮ ಒಣಗಿದ ಮನಸ್ಸಿಗೆ ಅದೇ ಕಾರಣ ಎಂದು ಹೊರಗಿನವರು ತೀರ್ಪು ಕೊಡುವ ಹಕ್ಕನ್ನು ಸತ್ಯವೇದ (ಬೈಬಲ್) ಯಾರಿಗೂ ಕೊಟ್ಟಿಲ್ಲ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಕಥೆ ಅದರಲ್ಲಿದೆ. ಅವನ ಗೆಳೆಯರು ಅಧ್ಯಾಯಗಟ್ಟಲೆ ಇದನ್ನೇ ಹೇಳಿದರು: ನಿನ್ನಲ್ಲೇನೋ ತಪ್ಪಿದೆ, ಒಪ್ಪಿಕೋ. ಯೋಬ ಒಪ್ಪಲಿಲ್ಲ. ದೇವರ ಮೇಲೆಯೇ ದೂರು ಹೇಳಿದ, ಹುಟ್ಟಿದ ದಿನವನ್ನು ಶಪಿಸಿದ. ಕೊನೆಗೆ 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗಿದ್ದು ಯಾರ ಮೇಲೆ? ಆ ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ನೀವು ನನ್ನ ದಾಸ ಯೋಬನ ಹಾಗೆ ಸರಿಯಾಗಿ ಮಾತಾಡಲಿಲ್ಲ ಎಂದ. ದೇವರ ಪರ ವಕಾಲತ್ತು ಮಾಡಿದವರಿಗೆ ಬೈಗುಳ, ದೇವರೊಂದಿಗೆ ಜಗಳವಾಡಿದವನಿಗೆ ಮೆಚ್ಚುಗೆ. ಈ ವಚನ ಅಷ್ಟು ವರ್ಷ ನನ್ನ ಕಣ್ಣಿಗೆ ಹೇಗೆ ಬಿದ್ದಿರಲಿಲ್ಲವೋ ಗೊತ್ತಿಲ್ಲ.

ಆ ದಿನಗಳಲ್ಲಿ ನಾನು ಚರ್ಚಿಗೆ ಹೋಗುತ್ತಿದ್ದದ್ದು ಒಂದೇ ಕಾರಣಕ್ಕೆ: ಅವ್ವನಿಗೆ ಒಬ್ಬಳೇ ನಡೆಯಲು ಆಗುತ್ತಿರಲಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಹಾಡುತ್ತಿರಲಿಲ್ಲ. ಕರ್ತನ ಪ್ರಾರ್ಥನೆಯನ್ನು ಎಲ್ಲರ ಜೊತೆ ಹೇಳುತ್ತಿದ್ದೆ, ಆದರೆ "ನಿನ್ನ ಚಿತ್ತವು ನೆರವೇರಲಿ" ಎಂಬಲ್ಲಿ ಬಾಯಿ ಮುಚ್ಚುತ್ತಿತ್ತು. ಅದನ್ನು ಹೇಳಿದರೆ ತಮ್ಮನ ಸಾವಿಗೆ ಸಹಿ ಹಾಕಿದಂತೆ ಅನ್ನಿಸುತ್ತಿತ್ತು. ಎಷ್ಟೋ ವಾರ ಹೀಗೇ ನಡೆಯಿತು. ಪಕ್ಕದಲ್ಲಿ ಕೂರುತ್ತಿದ್ದ ಅಜ್ಜಿಯೊಬ್ಬರು, ಓದುಬರಹ ಹೆಚ್ಚಿಲ್ಲದವರು, ಇದನ್ನು ಗಮನಿಸಿದ್ದರು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನನ್ನ ಕೈ ಹಿಡಿದು ಮೆಲ್ಲಗೆ ಅಂದರು: "ಆ ಸಾಲಷ್ಟು ನಿನ್ನ ಪಾಲಿಂದೂ ನಾನ ಹೇಳ್ತೀನವಾ. ನೀ ಸುಮ್ನ ಕುಂದ್ರು. ಬರೂದು ಮಾತ್ರ ಬಿಡಬ್ಯಾಡ."

ಯಾಕೆ ಅಂತ ಕೇಳಲಿಲ್ಲ, ಬುದ್ಧಿ ಹೇಳಲಿಲ್ಲ. ಮುಂದಿನ ವಾರ ಆ ಸಾಲು ಬಂದಾಗ ಅವರ ಧ್ವನಿ ಸ್ವಲ್ಪ ಜೋರಾಯಿತು. ನನ್ನ ಪಾಲನ್ನೂ ಸೇರಿಸಿ ಹೇಳುತ್ತಿದ್ದರು.

ಅದಾದ ಮೇಲೆ ನಾನು ಯೇಸುವಿನ ಶಿಷ್ಯ ತೋಮನ ಕಥೆಯನ್ನು ಬೇರೆ ಕಣ್ಣಿನಿಂದ ಓದಿದೆ. ಯೋಹಾನನ ಸುವಾರ್ತೆಯ 20ನೇ ಅಧ್ಯಾಯ. ಎದ್ದುಬಂದ ಯೇಸು ಶಿಷ್ಯರಿಗೆ ಕಾಣಿಸಿಕೊಂಡಾಗ ತೋಮ ಅಲ್ಲಿರಲಿಲ್ಲ. ಆಣಿ ಬಡಿದ ಗಾಯದಲ್ಲಿ ಬೆರಳಿಟ್ಟು ನೋಡದ ಹೊರತು ನಂಬುವುದೇ ಇಲ್ಲ ಎಂದುಬಿಟ್ಟ. ನಾವೆಲ್ಲ ಅಲ್ಲಿಂದ ನೇರವಾಗಿ ಯೇಸು ಬಂದು ಗಾಯ ತೋರಿಸಿದ ದೃಶ್ಯಕ್ಕೆ ಹಾರುತ್ತೇವೆ. ನಡುವೆ ಎಂಟು ದಿನ ಇದೆ. ಎಂಟು ದಿನವಾದ ಮೇಲೆ ಶಿಷ್ಯರು ಮತ್ತೆ ಒಳಗಿದ್ದರು, ತೋಮನೂ ಅವರ ಸಂಗಡ ಇದ್ದ ಎಂದು ಬರೆದಿದೆ. ಆ ಎಂಟು ದಿನ ಆ ಮನೆ ಹೇಗಿದ್ದಿರಬಹುದು ಎಂದು ಯೋಚಿಸಿ. ಉಳಿದವರೆಲ್ಲ ಕಂಡಿದ್ದಾರೆ, ಸಂತೋಷದಲ್ಲಿದ್ದಾರೆ. ಒಬ್ಬ ಮಾತ್ರ ಕಂಡಿಲ್ಲ, ಕಂಡಂತೆ ನಟಿಸಲೂ ಒಪ್ಪುತ್ತಿಲ್ಲ. ಆದರೂ ಅವರು ಅವನನ್ನು ಹೊರಗೆ ಹಾಕಲಿಲ್ಲ, ಅವನೂ ಎದ್ದು ಹೋಗಲಿಲ್ಲ. ಬಾಗಿಲು ಹಾಕಿಕೊಂಡ ಅದೇ ಕೋಣೆಯಲ್ಲಿ, ಅದೇ ರೊಟ್ಟಿ ತಿಂದು, "ನನಗೆ ನಂಬಿಕೆ ಬರುತ್ತಿಲ್ಲ" ಎಂದುಕೊಂಡೇ ಇದ್ದ.

ಇವನೇ ಅಲ್ಲವೇ, ಯೇಸುವಿನ ಗೆಳೆಯ ಲಾಜರ ಸತ್ತಾಗ "ನಾವೂ ಹೋಗಿ ಆತನ ಸಂಗಡ ಸಾಯೋಣ" ಎಂದವನು? ಅಷ್ಟು ಪ್ರೀತಿಸಿದವನಿಗೇ ಇಷ್ಟು ಒಡೆದುಹೋಗಲು ಸಾಧ್ಯ. ಅವನ ಸಂಶಯದ ತಳದಲ್ಲಿದ್ದದ್ದು ದುಃಖ ಎಂದು ನನಗನ್ನಿಸುತ್ತದೆ. ನನ್ನದೂ ಹಾಗೇ ಇತ್ತು. ಸೃಷ್ಟಿ, ವಿಜ್ಞಾನ, ಇತಿಹಾಸ ಎಂದು ರಾತ್ರಿಯೆಲ್ಲ ನಾನು ಎತ್ತುತ್ತಿದ್ದ ಪ್ರಶ್ನೆಗಳಲ್ಲಿ ಬಹುಪಾಲು ತಮ್ಮನ ಪ್ರಶ್ನೆಯೇ. ಎಲ್ಲವೂ ಅಲ್ಲ. ಕೆಲವು ನಿಜವಾದ ಬುದ್ಧಿಯ ಪ್ರಶ್ನೆಗಳು, ಅವನ್ನು ಓದಿ, ಕೇಳಿ, ತಿಳಿದವರೊಡನೆ ವಾದಿಸಿ ಬಿಡಿಸಿಕೊಳ್ಳಬೇಕು. ಮುಗ್ಧರು ಏಕೆ ನರಳಬೇಕು ಎಂಬುದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಉತ್ತರ ಸಿಕ್ಕಿದೆ ಎಂದು ನಿಮಗೆ ಸುಳ್ಳು ಹೇಳಲಾರೆ.

ಪ್ರಾರ್ಥನೆ ಬರುವುದಿಲ್ಲ ಎಂದಿದ್ದೀರಿ. ಸ್ವಂತ ಮಾತು ಹುಡುಕುವುದನ್ನು ಸದ್ಯಕ್ಕೆ ಬಿಡಿ, ಬೇರೆಯವರ ಮಾತು ಎರವಲು ಪಡೆಯಿರಿ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಾಟವೇ. ಅವುಗಳಲ್ಲಿ ಹೆಚ್ಚಿನವು ಅಳುತ್ತ ಹೊರಟು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. 88ನೆಯದು ಹಾಗೆ ತಿರುಗುವುದಿಲ್ಲ. ಇಬ್ರಿಯ ಮೂಲದಲ್ಲಿ ಅದರ ಕಟ್ಟಕಡೆಯ ಪದವೇ ಕತ್ತಲೆ. ಅದನ್ನು ಯಾರೂ ತಿದ್ದಲಿಲ್ಲ, ಸಮಾಧಾನದ ಒಂದು ಸಾಲನ್ನು ಅಂಟಿಸಲಿಲ್ಲ. ಹಾಗೇ ಇಟ್ಟರು. ನಾನು ಅದನ್ನು ಆರು ತಿಂಗಳು ಪ್ರತಿ ರಾತ್ರಿ ಓದಿದೆ, ಗಟ್ಟಿಯಾಗಿ, ಅಡುಗೆಮನೆಯಲ್ಲಿ ನಿಂತು. ಓದುವಾಗ ಒಂದು ಹೊಳೆಯಿತು: ಆ ಕೀರ್ತನೆಕಾರ ಏಕೆ ಕೈಬಿಟ್ಟೆ ಎಂದು ಕೇಳುತ್ತಿರುವುದು ಗೋಡೆಯನ್ನಲ್ಲ, ಕೈಬಿಟ್ಟವನನ್ನೇ. ಶಿಲುಬೆಯ ಮೇಲೆ ಯೇಸುಸ್ವಾಮಿಯ ಬಾಯಿಗೆ ಬಂದದ್ದೂ 22ನೇ ಕೀರ್ತನೆಯ ಎರವಲು ಮಾತು, "ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟಿದ್ದೀ?" ಆತನೇ ಆ ಪ್ರಶ್ನೆ ಕೇಳಿರುವಾಗ ನೀವು ಕೇಳಿದರೆ ಅದು ದೇವದೂಷಣೆ ಆಗುವುದಿಲ್ಲ.

ಇನ್ನು ದೇಹದ ಮಾತು. ನಿದ್ದೆ ಸರಿಯಿಲ್ಲ, ಊಟ ಸೇರುತ್ತಿಲ್ಲ ಎಂದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಎಲೀಯ ಪ್ರವಾದಿ ಅಡವಿಯಲ್ಲಿ ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದಾಗ ದೇವದೂತ ಪ್ರಸಂಗ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಊಟವನ್ನೇ ಕೊಟ್ಟ. ಹೋರೇಬ್ ಬೆಟ್ಟದಲ್ಲಿ ದೇವರು ಅವನೊಡನೆ ಮಾತಾಡಿದ್ದು ಅದಾದ 40 ದಿನದ ಮೇಲೆ. ಆದ್ದರಿಂದ ದಯವಿಟ್ಟು ವೈದ್ಯರ ಬಳಿ ಹೋಗಿ. ಖಿನ್ನತೆಯೂ ಒಂದು ಕಾಯಿಲೆ, ಅದು ಬಂದರೆ ದೇವರಷ್ಟೇ ಅಲ್ಲ, ಹೆತ್ತ ತಾಯಿಯೂ ದೂರವಾದಂತೆ ಅನ್ನಿಸುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಣವಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸುತ್ತಿದ್ದರೆ ಇದನ್ನು ಓದಿ ಮುಗಿಸುವ ಮೊದಲೇ ಕರೆ ಮಾಡಿ. ನಾನು ಎಂಟು ತಿಂಗಳು ಮಾತ್ರೆ ತೆಗೆದುಕೊಂಡೆ. ಅದರಿಂದ ವಿಶ್ವಾಸ ಬರಲಿಲ್ಲ, ನಿದ್ದೆ ಬಂತು. ನಿದ್ದೆ ಬಂದ ಮೇಲೆ ಉಳಿದದ್ದನ್ನು ಎದುರಿಸುವ ಶಕ್ತಿ ಬಂತು.

ಸಭೆಯನ್ನೇ ಬಿಟ್ಟುಬಿಡಲೇ ಎಂಬ ಯೋಚನೆಯೂ ನಿಮ್ಮ ಪ್ರಶ್ನೆಯ ಸಂದಿಯಲ್ಲಿ ಕಾಣುತ್ತದೆ. ಇಗ್ನೇಷಿಯಸ್ ಲೊಯೋಲಾ ಎಂಬಾತ, 1521ರ ಯುದ್ಧದಲ್ಲಿ ಕಾಲಿಗೆ ಪೆಟ್ಟು ತಿಂದು ಹಾಸಿಗೆ ಹಿಡಿದಾಗ ದೇವರ ಕಡೆ ತಿರುಗಿದ ಸೈನಿಕ, ಇಂಥ ಹೊತ್ತಿಗೆಂದೇ ಒಂದು ನಿಯಮ ಬರೆದಿಟ್ಟ: ಮನಸ್ಸು ಬರಡಾಗಿರುವಾಗ ಹಳೆಯ ನಿರ್ಧಾರಗಳನ್ನು ಬದಲಾಯಿಸಬೇಡ. ಇದು ನನ್ನನ್ನು ಉಳಿಸಿತು. ಭಾನುವಾರ ಶಾಲೆಯಲ್ಲಿ ಕಲಿಸುವುದಕ್ಕೆ ಒಂದು ವರ್ಷ ರಜೆ ಕೇಳಿದೆ, ಮಕ್ಕಳ ಎದುರು ಇಲ್ಲದ್ದನ್ನು ಇದೆ ಎನ್ನಲು ಆಗುತ್ತಿರಲಿಲ್ಲ. ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿ, ಕೊಟ್ಟರು. ಆದರೆ ಬೆಂಚು ಬಿಡಲಿಲ್ಲ. ಮೊಬೈಲಿನಲ್ಲಿ ಬರುವ ಅದ್ಭುತಗಳ ಸಾಕ್ಷಿಗಳನ್ನು ನೋಡುವುದನ್ನೂ ನಿಲ್ಲಿಸಿದೆ. ಗಾಯ ಹಸಿ ಇರುವಾಗ ಪ್ರತಿಯೊಂದು ಸಾಕ್ಷಿಯೂ "ನಿನಗೇಕೆ ಇಲ್ಲ?" ಎಂದೇ ಕೇಳಿಸುತ್ತದೆ.

ಎಷ್ಟು ದಿನ ಹೀಗೆ ಎಂದು ಕೇಳಿದ್ದೀರಿ. ಲೆಕ್ಕ ಕೊಡಲಾರೆ. ಕೋಲ್ಕತ್ತದ ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ, ಬೀದಿಯ ಬಡವರ ನಡುವೆ ಕೆಲಸ ಶುರುಮಾಡಿದ ಕಾಲದಿಂದಲೂ, ಸುಮಾರು 50 ವರ್ಷ, ನಡುವೆ ಕೆಲವು ವಾರ ಬಿಟ್ಟರೆ, ಅವರು ಒಳಗೆ ಕತ್ತಲೆಯಲ್ಲೇ ಇದ್ದರು ಎಂದು ತಿಳಿಯಿತು. ಇದನ್ನು ಮೊದಲು ಓದಿದಾಗ ನನಗೆ ಸಮಾಧಾನವಾಗಲಿಲ್ಲ, ಭಯವಾಯಿತು. ಐವತ್ತು ವರ್ಷವೇ! ಆಮೇಲೆ ಬೇರೊಂದು ಕಂಡಿತು: ಆ 50 ವರ್ಷವೂ ಅವರು ಸಾಯುವವರ ಬಾಯಿಗೆ ನೀರು ಹಾಕಿದರು. ದೇವರ ಅನುಭವ ಅವರ ಕೈಯಲ್ಲಿರಲಿಲ್ಲ, ನೀರಿನ ಲೋಟ ಕೈಯಲ್ಲಿತ್ತು. ನನ್ನ ಕೈಯಲ್ಲಿದ್ದದ್ದು ಅವ್ವನ ಕೈ. ನಿಮ್ಮ ಕೈಯಲ್ಲಿ ಏನಿದೆ ನೋಡಿಕೊಳ್ಳಿ.

ನನಗೆ ಬೆಳಕು ಒಮ್ಮೆಲೇ ಬರಲಿಲ್ಲ. 2013ರ ಕೊನೆಗೆ, ಕ್ರಿಸ್ಮಸ್ ಹಿಂದಿನ ಒಂದು ವಾರ, ಹಾಡಿನ ಎರಡನೇ ಚರಣದ ಹೊತ್ತಿಗೆ ನಾನೂ ಹಾಡುತ್ತಿದ್ದೇನೆ ಎಂದು ಗೊತ್ತಾಯಿತು, ಅಷ್ಟೇ. ಆ ಸಾಲು ಇನ್ನೂ ಕೆಲವು ಭಾನುವಾರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಜ್ಜಿ ಈಗಿಲ್ಲ.

ಕರ್ತನ ಭೋಜನದ ಪ್ರಶ್ನೆ. "ಅಯೋಗ್ಯವಾಗಿ" ತಿನ್ನಬಾರದು ಎಂಬ ಮಾತು ನಿಮ್ಮನ್ನು ಹೆದರಿಸಿದೆ. ಆ ಮಾತು ಬರುವುದು ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ, ಅದರ 11ನೇ ಅಧ್ಯಾಯವನ್ನು ಮೇಲಿನಿಂದ ಓದಿ. ಪೌಲ ಬೈಯುತ್ತಿರುವುದು ಸಂಶಯಪಡುವವರನ್ನಲ್ಲ. ಆ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು, ಇಲ್ಲದವರು ಹಸಿದು ಕೂರುತ್ತಿದ್ದರು, ಸಿಟ್ಟು ಅದರ ಮೇಲೆ. ಮೊದಲ ಭೋಜನದ ಮೇಜಿನಲ್ಲಿ ಕೂತಿದ್ದವರನ್ನು ನೋಡಿ: ಕೋಳಿ ಕೂಗುವ ಮೊದಲೇ ಮೂರು ಸಲ ಅಲ್ಲಗಳೆಯಲಿದ್ದ ಪೇತ್ರ, ಓಡಿಹೋಗಲಿದ್ದ ಉಳಿದವರು, ಎಂಟು ದಿನ ನಂಬದೇ ಇರಲಿದ್ದ ತೋಮ. ಆತನಿಗೆ ಅದೆಲ್ಲ ಗೊತ್ತಿತ್ತು, ಗೊತ್ತಿದ್ದೇ ರೊಟ್ಟಿ ಮುರಿದು ಕೊಟ್ಟ. ಶನಿವಾರ ನಿಮ್ಮ ಅಯ್ಯನವರ ಮನೆಗೆ ಹೋಗಿ, ನನಗೆ ಬರೆದಷ್ಟನ್ನು ಅವರಿಗೂ ಹೇಳಿ. ಭಾನುವಾರ ಎಲ್ಲರ ಜೊತೆ ಎದ್ದು ಮುಂದೆ ನಡೆಯಿರಿ, ಕೈ ಚಾಚಿ. ಕೈ ನಡುಗಿದರೆ ನಡುಗಲಿ, ನನ್ನದೂ ನಡುಗಿತ್ತು. ಆ ದಿನ ಕರ್ತನ ಪ್ರಾರ್ಥನೆಯಲ್ಲಿ ಯಾವ ಸಾಲು ನಿಮ್ಮ ಬಾಯಿಂದ ಹೊರಡುವುದಿಲ್ಲವೋ ಅದನ್ನು ಇಲ್ಲಿ ಬರೆದು ತಿಳಿಸಿ. ನಿಮ್ಮ ಪಾಲಿನದನ್ನು ಹುಬ್ಬಳ್ಳಿಯಿಂದ ನಾನು ಹೇಳುತ್ತೇನೆ.