ಟಿಎಸ್‌ಎಚ್ ಹೆಚ್ಚಿದೆ ಎಂದು ಅಯೋಡಿನ್ ಹನಿ ಶುರು ಮಾಡಬೇಡಿ

ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು) 9 ಬಂದಿದೆ, ಅಯೋಡಿನ್ ಹನಿ ಒಳ್ಳೆಯದೋ ಕಡಲಕಳೆ ಮಾತ್ರೆ ಒಳ್ಳೆಯದೋ ಎಂದು ಕೇಳಿದ್ದೀರಿ. ಮೊದಲ ರಿಪೋರ್ಟ್ ಕೈಗೆ ಬಂದಾಗ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ಎರಡೂ ಬೇಡ. ಟಿಎಸ್‌ಎಚ್ ಏರಿದೆ ಎಂದರೆ ಥೈರಾಯ್ಡ್ ಹಾರ್ಮೋನು ಸಾಲದೆ ಅದನ್ನು ಕಳಿಸುವ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಇನ್ನಷ್ಟು ಕೇಳುತ್ತಿದೆ ಎಂದಷ್ಟೇ ಅರ್ಥ. ಯಾಕೆ ಸಾಲುತ್ತಿಲ್ಲ ಎಂಬುದು ಆ ಸಂಖ್ಯೆಯಲ್ಲಿ ಇರುವುದಿಲ್ಲ. ಅಯೋಡಿನ್ ಸೇರಿಸಿದ ಉಪ್ಪು ತಿನ್ನುವವರಲ್ಲಿ ಬಹುಪಾಲು ಕಾರಣ ಹಾಶಿಮೊಟೊ ಕಾಯಿಲೆ. ಅದರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯನ್ನು ತಿನ್ನುತ್ತಾ ಹೋಗುತ್ತದೆ. ಅಲ್ಲಿ ಹಾರ್ಮೋನಿನ ಕಚ್ಚಾ ಮಾಲಾದ ಅಯೋಡಿನ್ನಿಗೆ ಬರವಿಲ್ಲ.

ಎಲ್ಲರೂ ಎಡವುವುದು ಮಿಲಿಗ್ರಾಂ ಮತ್ತು ಮೈಕ್ರೋಗ್ರಾಂ ನಡುವೆ, ಅದಕ್ಕೇ ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ. ವಯಸ್ಕರಿಗೆ ದಿನಕ್ಕೆ ಬೇಕಾಗುವುದು 150 ಮೈಕ್ರೋಗ್ರಾಂ ಅಯೋಡಿನ್. ಅಂದರೆ 0.15 ಮಿಲಿಗ್ರಾಂ. ಹನಿಯ ರೂಪದಲ್ಲಿ ಸಿಗುವ ಲೂಗಾಲ್ ದ್ರಾವಣದ ಸೀಸೆಯ ಮೇಲೆ ಶೇ 5 ಎಂದಿದ್ದರೆ, ಅದರಲ್ಲಿ ಶೇ 5 ಅಯೋಡಿನ್ ಜೊತೆಗೆ ಶೇ 10 ಪೊಟ್ಯಾಸಿಯಂ ಅಯೋಡೈಡ್ ಕೂಡ ಇರುತ್ತದೆ. ಎರಡೂ ಸೇರಿ ಒಂದು ಹನಿಗೆ ಸುಮಾರು 6 ಮಿಲಿಗ್ರಾಂ ಅಯೋಡಿನ್, ಅಂದರೆ 6,000 ಮೈಕ್ರೋಗ್ರಾಂ. ಒಂದೇ ಹನಿಯಲ್ಲಿ ನಲವತ್ತು ದಿನದ ಪಾಲು! ದಿನದ ಗರಿಷ್ಠ ಮಿತಿ ಅಮೆರಿಕದ ಲೆಕ್ಕದಲ್ಲಿ 1,100 ಮೈಕ್ರೋಗ್ರಾಂ, ಯುರೋಪಿನ ಲೆಕ್ಕದಲ್ಲಿ 600. ಕಡಲಕಳೆಯದು ಬೇರೆಯೇ ತೊಂದರೆ. ಜಾತಿಯಿಂದ ಜಾತಿಗೆ ಅಯೋಡಿನ್ ಪ್ರಮಾಣ ನೂರು ಪಟ್ಟು ವ್ಯತ್ಯಾಸವಾಗುವುದರಿಂದ ಮಾತ್ರೆಯಲ್ಲಿ ನಿಜಕ್ಕೂ ಎಷ್ಟಿದೆ ಎಂದು ನಂಬುವುದು ಕಷ್ಟ.

ಇಷ್ಟು ಅಯೋಡಿನ್ ಒಮ್ಮೆಲೇ ನುಗ್ಗಿದರೆ ಗ್ರಂಥಿ ಹಾರ್ಮೋನು ತಯಾರಿಕೆಯನ್ನೇ ನಿಲ್ಲಿಸುತ್ತದೆ. ವುಲ್ಫ್ ಮತ್ತು ಚೈಕಾಫ್ ಎಂಬ ವಿಜ್ಞಾನಿಗಳು ಇದನ್ನು 1948ರಲ್ಲೇ ಇಲಿಗಳಲ್ಲಿ ತೋರಿಸಿದ್ದರು. ಆರೋಗ್ಯವಂತ ಗ್ರಂಥಿ ಅಯೋಡಿನ್ ಒಳಗೆಳೆಯುವುದನ್ನು ಕಡಿಮೆ ಮಾಡಿಕೊಂಡು ಕೆಲವು ದಿನಗಳಲ್ಲಿ ಮತ್ತೆ ಕೆಲಸ ಶುರು ಮಾಡುತ್ತದೆ. ಹಾಶಿಮೊಟೊ ಇರುವ ಗ್ರಂಥಿಗೆ ಎಷ್ಟೋ ಸಲ ಅದು ಆಗುವುದಿಲ್ಲ, ನಿಂತದ್ದು ನಿಂತೇ ಇರುತ್ತದೆ. ಟಿಎಸ್‌ಎಚ್ 9 ಇದ್ದದ್ದು 20, 30 ಆಗಬಹುದು. ಆಗ ‘ಅಯೋಡಿನ್ ಕೆಲಸ ಮಾಡುತ್ತಿರುವ ಲಕ್ಷಣ ಇದು, ಇನ್ನೊಂದು ಹನಿ ಸೇರಿಸಿ’ ಎನ್ನುವವರು ಸಿಗುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಗ್ರಂಥಿಯಲ್ಲಿ ಗಂಟುಗಳಿದ್ದರೆ ಇದಕ್ಕೆ ತದ್ವಿರುದ್ಧವಾಗಿ ಹಾರ್ಮೋನು ಮಿತಿಮೀರಬಹುದು. ವಯಸ್ಸಾದವರಲ್ಲಿ ಅದು ಎದೆಬಡಿತದ ಏರುಪೇರಿಗೆ ತಿರುಗಬಹುದು.

ಈಗಾಗಲೇ ಹನಿ ಶುರು ಮಾಡಿದ್ದರೆ ನಿಲ್ಲಿಸಿ, ವೈದ್ಯರಿಗೆ ತಿಳಿಸಿ, ಆರರಿಂದ ಎಂಟು ವಾರ ಬಿಟ್ಟು ರಕ್ತಪರೀಕ್ಷೆ ಮಾಡಿಸಿ. ಕೆಲವರಿಗೆ ಅಷ್ಟರಿಂದಲೇ ಟಿಎಸ್‌ಎಚ್ ಇಳಿಯುತ್ತದೆ.

ಮಾಡಿಸಬೇಕಾದ ಪರೀಕ್ಷೆ ಮೂರು: ಟಿಎಸ್‌ಎಚ್, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನು), ಆ್ಯಂಟಿ ಟಿಪಿಒ (ಥೈರಾಯ್ಡ್ ವಿರುದ್ಧದ ಪ್ರತಿಕಾಯ). ಕೊನೆಯದು ಪಾಸಿಟಿವ್ ಬಂದರೆ ಕಾರಣ ಹಾಶಿಮೊಟೊ ಎಂದು ಹೆಚ್ಚುಕಡಿಮೆ ಗೊತ್ತಾದಂತೆ. ಕೂದಲಿಗೆಂದು 5 ಅಥವಾ 10 ಮಿಲಿಗ್ರಾಂನ ಬಯೋಟಿನ್ ವಿಟಮಿನ್ ನುಂಗುತ್ತಿದ್ದರೆ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಿಡಿ, ಇಲ್ಲವಾದರೆ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಒಂದು ಸಲದ ಮೂತ್ರದಲ್ಲಿ ಅಯೋಡಿನ್ ಅಳೆಸುವುದು ದಂಡ; ದಿನದಿಂದ ದಿನಕ್ಕೆ ಅದು ವಿಪರೀತ ಬದಲಾಗುತ್ತದೆ, ಅದು ಇಡೀ ಜನಸಮೂಹದ ಸ್ಥಿತಿ ಅಳೆಯಲು ಮಾತ್ರ ಸರಿ. ಚರ್ಮಕ್ಕೆ ಅಯೋಡಿನ್ ಬಳಿದು ಕಲೆ ಎಷ್ಟು ಬೇಗ ಮಾಯವಾಗುತ್ತದೆ ಎಂದು ನೋಡುವುದಂತೂ ಪರೀಕ್ಷೆಯೇ ಅಲ್ಲ. ಅಯೋಡಿನ್ ಗಾಳಿಗೆ ಆರುತ್ತದೆ, ಅಷ್ಟೇ.

ಹಾಗಾದರೆ ಕೊರತೆ ಯಾರಿಗೂ ಇಲ್ಲವೇ? ಇದೆ. ಅಯೋಡಿನ್ ಸೇರಿಸದ ಕಲ್ಲುಪ್ಪು, ಸಮುದ್ರದ ಉಪ್ಪು ಅಥವಾ ಗುಲಾಬಿ ಉಪ್ಪನ್ನಷ್ಟೇ ಬಳಸುತ್ತಾ, ಹಾಲು, ಮೊಟ್ಟೆ, ಮೀನು ಯಾವುದನ್ನೂ ಮುಟ್ಟದವರಿಗೆ ನಿಜವಾಗಿ ಬರಬಹುದು. ಅವರಿಗೆ ಔಷಧಿ ಅಯೋಡಿನ್ ಉಪ್ಪೇ. ಕಿಲೋ ಉಪ್ಪಿಗೆ 30 ಮಿಲಿಗ್ರಾಂ ಇದ್ದರೆ 5 ಗ್ರಾಂನಲ್ಲಿ 150 ಮೈಕ್ರೋಗ್ರಾಂ ಸಿಗುತ್ತದೆ. ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ, ಅಡುಗೆ ಇಳಿಸುವ ಹೊತ್ತಿಗೆ ಹಾಕಿ. ತೇವ ಮತ್ತು ಬಿಸಿ ಎರಡೂ ಅಯೋಡಿನ್ ಕಳೆಯುತ್ತವೆ. ರಕ್ತದೊತ್ತಡಕ್ಕೆಂದು ಉಪ್ಪು ಕಡಿಮೆ ಮಾಡಿದವರು ಅಯೋಡಿನ್ ಆಸೆಗೆ ಉಪ್ಪು ಹೆಚ್ಚಿಸಬೇಡಿ. ಬೇಕಾದರೆ 150 ಮೈಕ್ರೋಗ್ರಾಂನ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಥೈರಾಯ್ಡ್ ತೊಂದರೆಗೆ ಕೆಟ್ಟದ್ದು ಎನ್ನುವ ಎಲೆಕೋಸು, ಹೂಕೋಸನ್ನು ಬೇಯಿಸಿ ತಿಂದರೆ ಏನೂ ಆಗುವುದಿಲ್ಲ.

ಗರ್ಭಿಣಿಯಾಗಿದ್ದರೆ ಅಥವಾ ಆ ಯೋಚನೆಯಿದ್ದರೆ ಮಾತ್ರ ಕಾಯಬೇಡಿ, ಇದೇ ವಾರ ವೈದ್ಯರನ್ನು ಕಾಣಿ. ಗರ್ಭಿಣಿಯರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಯೋಡಿನ್ ಪ್ರಮಾಣ ದಿನಕ್ಕೆ 250 ಮೈಕ್ರೋಗ್ರಾಂ. ಮಗುವಿನ ಮಿದುಳಿನ ಬೆಳವಣಿಗೆಗೆ ಮೊದಲ ತಿಂಗಳುಗಳಲ್ಲಿ ತಾಯಿಯ ಹಾರ್ಮೋನೇ ಆಧಾರ, ಹಾಗಾಗಿ 9 ಎಂಬ ಟಿಎಸ್‌ಎಚ್‌ಗೆ ಸಾಮಾನ್ಯವಾಗಿ ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಶುರು ಮಾಡುತ್ತಾರೆ. ಆ ಮಾತ್ರೆ ಖಾಲಿ ಹೊಟ್ಟೆಗೆ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಲಿ.

ವೈದ್ಯರ ಬಳಿ ಹೋಗುವಾಗ ಇತ್ತೀಚೆಗೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರವ) ಹಾಕಿ ಸಿಟಿ ಸ್ಕ್ಯಾನ್ ಮಾಡಿಸಿದ್ದರೆ ಹೇಳಿ, ಅದರಲ್ಲೂ ಅಯೋಡಿನ್ ಇರುತ್ತದೆ. ಎದೆಬಡಿತಕ್ಕೆ ಅಮಿಯೊಡರೋನ್ ನುಂಗುತ್ತಿದ್ದರಂತೂ ಹೇಳಲೇಬೇಕು: 200 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ. ಆದರೆ ಅದನ್ನು ನೀವಾಗಿಯೇ ನಿಲ್ಲಿಸಬೇಡಿ.